ಕೊರಳಪಟ್ಟಿ ಇಲ್ಲದ ದಲ್ಲಾಳಿ

ನನಗೆ ಬರದ ದನಿಯೇ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ, ಏಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಶಿರಾ ಬಸ್ ನಿಲ್ದಾಣದಲ್ಲಿ ಹೊರಟ ಬಸ್ಸಿಗೂ ಜನ ಕರೆಯುವ ಏಜೆಂಟು, ಹೆಬ್ಬೆಟ್ಟು ಒತ್ತಿಸಿಕೊಂಡು ‘ಸರ್ವರ್ ಇಲ್ಲ’ ಎನ್ನುವ ರೇಷನ್ ಅಂಗಡಿಯವನು, ಎರಡನೇ ಸಲ ಪಾಯಸ ಬಡಿಸಲಿ ಎಂದು ಸುಮ್ಮನೆ ಕೆಮ್ಮುವ ದೂರದ ನೆಂಟ, ನನ್ನನ್ನು ಬಯ್ಯುವ ನಮ್ಮಮ್ಮ, ಬೈಸಿಕೊಂಡು ತೊದಲುವ ನಾನು, ಎಲ್ಲವೂ ಬರುತ್ತದೆ. ಒಂದು ದನಿ ಮಾತ್ರ ಎಷ್ಟು ತಿಣುಕಿದರೂ ಗಂಟಲಿಗೆ ಹತ್ತಲಿಲ್ಲ. ನನ್ನ ಗೆಳೆಯನ ಕೋಣೆಗೆ ಕೈಹಾಕಿದವನ ದನಿ ಅದು. ಅವನ ಹೆಸರು ಒರಾಕಲ್. ಅವನು ಬೆಲೆ ಹೇಳುತ್ತಾನೆ. ಅವನಿಗೆ ಬಾಯಿಲ್ಲ, ಮುಖವಿಲ್ಲ, ನಾಚಿಕೆಯಂತೂ ಇಲ್ಲವೇ ಇಲ್ಲ. ಇದನ್ನು ಬರೆಯಲು ಕೂತಾಗ ತಣ್ಣಗೆ ಬರೆಯಬೇಕು ಎಂದುಕೊಂಡಿದ್ದೆ. ಮೊದಲ ಪ್ಯಾರಾದಲ್ಲೇ ಬಿಸಿಯಾಗಿದ್ದೇನೆ, ಕ್ಷಮಿಸಿ.

ನಮ್ಮದೊಂದು ಸಣ್ಣ ತಂಡ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಯಾರ ಮನೆಯ ಆರತಕ್ಷತೆ, ಯಾವ ಶಾಲೆಯ ವಾರ್ಷಿಕೋತ್ಸವ ಇದ್ದರೂ ಕರೆದರೆ ಹೋಗುತ್ತೇವೆ. ಹಾಡುವವರು ಹಾಡುತ್ತಾರೆ. ಅವರು ನೀರು ಕುಡಿಯಲು ಹೋದಾಗ ನಾನು ಮಿಮಿಕ್ರಿ ಮಾಡುತ್ತೇನೆ. ಅಂದರೆ ನನ್ನ ಇಡೀ ಕಲಾಜೀವನ ಬೇರೆಯವರ ಬಾಯಾರಿಕೆಯ ಮೇಲೆ ನಿಂತಿದೆ.

ಕೀಬೋರ್ಡ್ ನುಡಿಸುವವನು ನನ್ನ ಗೆಳೆಯ. ಪಾವಗಡದ ಆಚೆ, ಆಂಧ್ರಕ್ಕೆ ಬೆನ್ನು ತಾಗಿಸಿಕೊಂಡು ಕೂತ ಊರಿನವನು. ಮಾತು ಕಡಿಮೆ. ಅವನ ಪಾಲಿನದ್ದನ್ನೂ ನಾನೇ ಆಡಿಬಿಡುವುದರಿಂದ ಅವನಿಗೆ ಅದರ ಅಗತ್ಯವೂ ಬಿದ್ದಿಲ್ಲ. ಅವನಿಗಿದ್ದ ಆಸೆ ಒಂದೇ, ಸ್ವಂತದ್ದೊಂದು ರೆಕಾರ್ಡಿಂಗ್ ಕೋಣೆ. ನಮ್ಮ ಕಡೆ ಭಜನೆ ತಂಡದವರು ಒಂದು ಹಾಡು ಮುದ್ರಿಸಬೇಕೆಂದರೂ ತುಮಕೂರಿಗೆ ಬಸ್ಸು ಹತ್ತಬೇಕು. ಅವರೆಲ್ಲ ಇಲ್ಲಿಗೇ ಬರಲಿ, ತಾನು ಕೀಬೋರ್ಡನ್ನು ಮಡಿಲಲ್ಲಿ ಮಲಗಿಸಿಕೊಂಡು ಬಸ್ಸಿನಲ್ಲಿ ತಿರುಗುವುದು ತಪ್ಪಲಿ ಎಂಬುದು ಅವನ ಲೆಕ್ಕ.

ಮಧುಗಿರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕೋಣೆ ಸಿಕ್ಕಿತು. ಕಿಟಕಿ ತೆರೆದರೆ ಬೆಟ್ಟ ಅಷ್ಟೂ ಒಳಗೆ ಬಂದು ಕೂರುತ್ತಿತ್ತು. ಮುಚ್ಚಿದರೆ ಬಸ್ಸಿನ ಹಾರನ್ನು ಎಲ್ಲೋ ಬೇರೆ ಊರಿನದ್ದೆನಿಸುತ್ತಿತ್ತು. ಗೆಳೆಯ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಕಿವಿಗೊಟ್ಟು, ಇನ್ನೊಂದು ತಟ್ಟಿ, ನನ್ನ ಕಡೆ ನೋಡಿ ನಕ್ಕ. ಮಾಲೀಕರು ಕೊರಟಗೆರೆಯ ನಿವೃತ್ತ ಮೇಷ್ಟ್ರು. ಚಪ್ಪಾಳೆ ಯಾರಿಗೆ ಎಂದು ಬಾಗಿಲಲ್ಲೇ ನಿಂತು ಹಿಂದೆ ತಿರುಗಿ ನೋಡಿಕೊಂಡರು. ಅವರದ್ದೊಂದೇ ಷರತ್ತು. ಮುಂಗಡ ಈಗ ಕೊಡಿ, ಆದರೆ ಯುಗಾದಿಯ ಹೊತ್ತಿಗೆ ಕೋಣೆಯಲ್ಲಿ ಕೆಲಸ ಶುರುವಾಗಿರಬೇಕು. ಬಾಗಿಲು ಹಾಕಿದ ಮಳಿಗೆ ಇಡೀ ಕಟ್ಟಡದ ಕಳೆ ಕೆಡಿಸುತ್ತದೆ ಎಂಬುದು ಅವರ ನಂಬಿಕೆ. ಶುರುವಾಗದಿದ್ದರೆ ಮೊಬೈಲಿಗೆ ಗಾಜು ಅಂಟಿಸುವವನೊಬ್ಬ ಆಗಲೇ ಎರಡು ಸಲ ಬಂದು ಕೇಳಿ ಹೋಗಿದ್ದಾನೆ, ಅವನಿಗೆ ಕೊಡುತ್ತೇನೆ ಎಂದರು.

ಮುಂಗಡ ಎಲ್ಲಿಂದ ಬಂತು ಎಂಬಲ್ಲಿಂದಲೇ ನಮ್ಮ ಕಥೆಯ ಹೊಟ್ಟೆನೋವು ಶುರು.

ಗೆಳೆಯ ಯಾವುದೋ ದೇಶದ ಒಂದು ಮೊಬೈಲ್ ಆಟಕ್ಕೆ ಪುಟ್ಟಪುಟ್ಟ ರಾಗ ಮಾಡಿ ಕಳಿಸುತ್ತಿದ್ದ. ಹಣ್ಣು ಒಡೆದಾಗ ಟಿಣ್, ಆಟ ಸೋತಾಗ ಡೊಂಯ್. ಆ ಡೊಂಯ್ ಅನ್ನು ನಾನು ಅವನ ಎದುರೇ ಬೇಕಾದಷ್ಟು ಸಲ ಆಡಿಕೊಂಡಿದ್ದೇನೆ. ಅವರು ರೂಪಾಯಿ ಕೊಡುತ್ತಿರಲಿಲ್ಲ. ತಮ್ಮದೇ ಟೋಕನ್ ಕೊಡುತ್ತಿದ್ದರು, ಬ್ಲಾಕ್‌ಚೈನಿನ ಮೇಲಿರುವ ನಾಣ್ಯ. ಒಂದಷ್ಟು ವರ್ಷಗಳಲ್ಲಿ ಅದು ಚೆನ್ನಾಗಿಯೇ ಕೂಡಿತ್ತು. ಮಾರಿಬಿಡಬಹುದಿತ್ತು. ಆದರೆ ಹೊಸ ಆಟ ಬಂದ ಮೇಲೆ ಬೆಲೆ ಏರುತ್ತದೆ, ಅದರಲ್ಲಿ ಮೈಕು, ಕಂಪ್ಯೂಟರು, ಗೋಡೆಗೆ ಹಾಸುವ ಸ್ಪಂಜು ಎಲ್ಲ ಬರುತ್ತದೆ ಎಂದು ಅವನು ಮಾರಲಿಲ್ಲ. ಅಡವಿಟ್ಟ. ಬ್ಯಾಂಕಿನಲ್ಲಲ್ಲ, ಬ್ಯಾಂಕೇ ಇಲ್ಲದ ಒಂದು ಆ್ಯಪಿನಲ್ಲಿ. ಟೋಕನ್ ಒಳಗೆ ಇಡಬೇಕು, ಅದರ ಬೆಲೆಯ ಒಂದು ಪಾಲಿನಷ್ಟು ಡಾಲರ್ ನಾಣ್ಯ, ಅಂದರೆ ಸದಾ ಒಂದು ಡಾಲರಿಗೇ ನಿಲ್ಲುವ ನಾಣ್ಯ, ಸಾಲವಾಗಿ ಹೊರಗೆ ಬರುತ್ತದೆ. ಮ್ಯಾನೇಜರ್ ಇಲ್ಲ, ಜಾಮೀನು ಇಲ್ಲ, ನಾಳೆ ಬನ್ನಿ ಎನ್ನುವವರಿಲ್ಲ. ಎಲ್ಲವನ್ನೂ ಪ್ರೋಗ್ರಾಮೇ ನೋಡಿಕೊಳ್ಳುತ್ತದೆ. ಆ ಸಾಲವನ್ನು ರೂಪಾಯಿ ಮಾಡಿ ಮುಂಗಡ ಕೊಟ್ಟ.

ನನಗೆ ಅವನು ಇದನ್ನು ತಿಳಿಸಿಕೊಟ್ಟದ್ದು ಶಿರಾ–ಪಾವಗಡ ಬಸ್ಸಿನ ಕೊನೆಯ ಸೀಟಿನಲ್ಲಿ. ಆ ಪ್ರೋಗ್ರಾಮು ಬಾಗಿಲು ಕಿಟಕಿ ಇಲ್ಲದ ಮನೆಯೊಳಗೆ ಕೂತವನ ಹಾಗಂತೆ. ಲೆಕ್ಕ ಪಕ್ಕಾ, ಲಂಚ ತಿನ್ನುವುದಿಲ್ಲ, ನಿದ್ದೆ ಮಾಡುವುದಿಲ್ಲ. ಆದರೆ ಹೊರಗೆ ಬಿಸಿಲೋ ಮಳೆಯೋ ಗೊತ್ತಿಲ್ಲ. ಅಡವಿಟ್ಟ ಟೋಕನ್ನಿಗೆ ಹೊರಗೆ ಇವತ್ತು ಏನು ಬೆಲೆ ಎಂಬುದು ಒಳಗಿನವನಿಗೆ ತಾನಾಗಿ ತಿಳಿಯುವುದಿಲ್ಲ. ಯಾರೋ ಗೋಡೆಯ ತೂತಿನಿಂದ ಕೂಗಿ ಹೇಳಬೇಕು. ಹಾಗೆ ಕೂಗುವವನೇ ಒರಾಕಲ್. ಬೆಲೆ ತೀರ ಕೆಳಗಿಳಿಯಿತು ಎಂದು ಅವನು ಕೂಗಿದರೆ ಒಳಗಿನವನು ಎರಡನೇ ಮಾತಿಲ್ಲದೆ ಅಡವನ್ನು ಜಪ್ತಿಗೆ ಇಡುತ್ತಾನೆ. ಯಾರು ಬೇಕಾದರೂ ಬಂದು ಸಾಲ ಕಟ್ಟಿ, ಅಡವಿಟ್ಟದ್ದನ್ನು ರಿಯಾಯಿತಿಯಲ್ಲಿ ಎತ್ತಿಕೊಂಡು ಹೋಗಬಹುದು.

“ಅಂದ್ರೆ ಕಣಿ ಹೇಳೋಳ ತರ,” ಅಂದೆ.

“ಹೂಂ. ಕಣಿ ಹೇಳೋಳು ಎದುರಿಗೆ ಕೂತಿರ್ತಾಳೆ, ಇವನು ಕೂತಿರಲ್ಲ, ಅಷ್ಟೇ ಕಣ್ಲಾ.”

ಅವನು ಅಷ್ಟೇ ಎಂದದ್ದು ಅಷ್ಟೇ ಆಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಇಲ್ಲಿ ನಾನು ಅವನ ಅಪ್ಪನನ್ನು ಕರೆತರಬೇಕು. ಅವರು ಕುರಿ ದಲ್ಲಾಳಿ. ಶಿರಾದ ಕುರಿ ಸಂತೆಗೆ ವಾರವಾರವೂ ಬರುತ್ತಾರೆ. ನಾನು ಮಾವ ಎನ್ನುತ್ತೇನೆ, ಅವರು ನನ್ನನ್ನು ಕೋತಿ ಎನ್ನುತ್ತಾರೆ. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈಯ ಮೇಲೆ ಒಂದು ಟವೆಲ್ಲು ಬೀಳುತ್ತದೆ, ಕೆಳಗೆ ಬೆರಳುಗಳು ಬೆರಳುಗಳನ್ನು ಒತ್ತುತ್ತವೆ, ಮೇಲೆ ಎರಡು ಮುಖಗಳು ಏನೂ ಆಗದವರಂತೆ ಆಕಾಶ ನೋಡುತ್ತಿರುತ್ತವೆ. ಕುದುರಿದರೆ ಟವೆಲ್ಲು ಹೆಗಲಿಗೆ, ಹಗ್ಗ ಕೊಂಡವನ ಕೈಗೆ. ಬೆಳಗಿನ ಮೊದಲ ವ್ಯಾಪಾರ ಬೋಣಿ. ಬೋಣಿಯಲ್ಲಿ ನಿಂತ ಬೆಲೆಯೇ ಸಂತೆ ಮುಗಿಯುವವರೆಗೆ ಹೆಚ್ಚುಕಡಿಮೆ ನಡೆಯುತ್ತದೆ. ಅದಕ್ಕೇ ಬೋಣಿಯ ಸುತ್ತ ಅಷ್ಟು ಕಿವಿಗಳು.

ಹಾಗೆಂದು ನಮ್ಮ ಸಂತೆಯವರು ಸತ್ಯಸಂಧರು ಎಂದು ನಾನು ಹೇಳುತ್ತಿಲ್ಲ. ಮಾವನೇ ಒಂದು ಸಲ ಸುಳ್ಳು ಬೋಣಿ ಮಾಡಿದ್ದರು. ಕೊಳ್ಳುವವನೂ ತಮ್ಮ ಕಡೆಯವನೇ, ಮಾರುವವನೂ ತಮ್ಮ ಕಡೆಯವನೇ. ಟವೆಲ್ ಹಾಕಿ, ಎತ್ತಿ, ಅಯ್ಯೋ ಇಷ್ಟು ಕಮ್ಮಿಗೆ ಹೋಯಿತಲ್ಲಾ ಎಂದು ಎಲ್ಲರಿಗೂ ಕೇಳುವಂತೆ ತಲೆ ಚಚ್ಚಿಕೊಂಡರು. ಬೆಲೆ ಇಳಿದ ಮೇಲೆ ತಾವು ಕೊಳ್ಳುವುದು ಅವರ ಉಪಾಯ. ಆದರೆ ಕೊಂಡ ಕುರಿ ಒಂದು ಸುತ್ತು ಹೊಡೆದು ಅವರದೇ ಹಗ್ಗಕ್ಕೆ ವಾಪಸ್ಸು ಬಂದದ್ದನ್ನು ಬುಕ್ಕಾಪಟ್ಟಣದ ಕಡೆಯ ಒಬ್ಬರು ನೋಡಿಬಿಟ್ಟರು. ಬಂದು ಮಾವನ ಕೊರಳಪಟ್ಟಿ ಹಿಡಿದರು. ನಾಲ್ಕು ಜನ ಹಿರಿಯರು ಸೇರಿ ಆ ಬೋಣಿ ನಡೆಯದು ಎಂದರು. ಹೊಸದಾಗಿ ಬೋಣಿ ಆಯಿತು. ಶಿಕ್ಷೆಯೆಂದು ಮಾವ ಇಡೀ ಸಂತೆಗೆ ಬೋಂಡ ಕೊಡಿಸಬೇಕಾಯಿತು. ಬಾಣಲೆಯ ಪಕ್ಕ ಅವರು ನಿಂತಿದ್ದ ಭಂಗಿ ನನ್ನ ಮಿಮಿಕ್ರಿಯಲ್ಲಿ ಇವತ್ತಿಗೂ ಚಪ್ಪಾಳೆ ಗಿಟ್ಟಿಸುತ್ತದೆ.

ಇಂಥ ಮನೆಯಲ್ಲಿ ಬೆಳೆದವನು ನನ್ನ ಗೆಳೆಯ. ಅವನ ತಪ್ಪನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸ್ನೇಹಿತನ ವಕಾಲತ್ತು ಎಂದುಕೊಳ್ಳುತ್ತೀರಿ. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಮೊಬೈಲು ತೆರೆದು ಟೋಕನ್ನಿನ ಬೆಲೆ ನೋಡಿ, ಬೋಣಿ ಚೆನ್ನಾಗಿದೆ ಎಂದು ಮುಚ್ಚಿಡುತ್ತಿದ್ದ. ಬೋಣಿ ಆದ ಮೇಲೆ ಬೆಲೆಗೆ ಇನ್ನೇನಾದೀತು ಎಂಬ ನೆಮ್ಮದಿ ಅವನ ರಕ್ತದಲ್ಲೇ ಇತ್ತು. ಆ ನೆಮ್ಮದಿಯಲ್ಲೇ ಆ್ಯಪು ಎಲ್ಲಿಯವರೆಗೆ ಬಿಡುತ್ತದೋ ಅಲ್ಲಿಯವರೆಗೆ ಸಾಲ ಎತ್ತಿದ್ದ. ಸ್ವಲ್ಪ ಜಾಗ ಬಿಟ್ಟುಕೊಳ್ಳಬೇಕಿತ್ತು. ಆಗ ನಾನೇನು ಎಚ್ಚರಿಸಿದೆನೇ ಎಂದು ಕೇಳಬೇಡಿ. ಸ್ಪಂಜು ಯಾವ ಬಣ್ಣದ್ದಿರಲಿ ಎಂದು ಜಗಳವಾಡುತ್ತಿದ್ದೆ.

ಪುರವರದ ಕಲ್ಯಾಣಮಂಟಪದಲ್ಲಿ ಒಂದು ಆರತಕ್ಷತೆ. ಮಧ್ಯಾಹ್ನದ ಊಟ ಮುಗಿದು ನೆಂಟರು ಕುರ್ಚಿಯಲ್ಲೇ ಜೋಲುವ ಹೊತ್ತು. ನಾನು ಪಾಯಸದ ನೆಂಟನ ಕೆಮ್ಮು ಕೆಮ್ಮುತ್ತಿದ್ದೆ. ಆ ಕೆಮ್ಮಿಗೆ ಗೆಳೆಯ ಕೀಬೋರ್ಡಿನಲ್ಲಿ ಒಂದು ಕೊಂಕು ಸ್ವರ ಹಾಕಬೇಕು, ನಗು ಬರುವುದೇ ಅಲ್ಲಿ. ಸ್ವರವೇನೋ ಬಂತು, ಬಂದದ್ದು ಹೋಗಲಿಲ್ಲ. ಒಂದೇ ಸಮ ಈಂ ಎಂದು ಎಳೆಯುತ್ತಲೇ ಇತ್ತು. ತಿರುಗಿ ನೋಡಿದರೆ ಅವನ ಒಂದು ಬೆರಳು ಕೀಬೋರ್ಡಿನ ಮೇಲೆ ಮರೆತು ಕೂತಿತ್ತು, ಇನ್ನೊಂದು ಕೈಯಲ್ಲಿ ಮೊಬೈಲು. ಮದುಮಗನ ಸೋದರಮಾವ ಮೈಕು ಕೆಟ್ಟಿತೆಂದು ಪ್ಲಗ್ಗು ಕಿತ್ತರು.

ಮೊಬೈಲಿನಲ್ಲಿದ್ದದ್ದು ಒಂದೇ ಸಾಲು. ಅಡವು ಜಪ್ತಿಯಾಗಿದೆ. ಅವನ ಟೋಕನ್ನುಗಳಲ್ಲಿ ತಳದ ಚೂರು ಬಿಟ್ಟರೆ ಎಲ್ಲ ಹೋಗಿತ್ತು. ಅವನು ಬೆಲೆಯ ಪುಟ ತೆರೆದ. ಬೆಲೆ ಬೆಳಿಗ್ಗೆ ಇದ್ದಲ್ಲೇ ಇತ್ತು.

“ನೋಡ್ಲಾ, ಇಳಿದೇ ಇಲ್ಲ,” ಅಂದ. “ಇಳಿದೇ ಇದ್ರೆ ಹೆಂಗ್ಲಾ ತಗೊಂಡ್ರು?”

ಮೊಬೈಲು ಇಸಿದುಕೊಂಡು ನಾನೂ ನೋಡಿದೆ, ಇಳಿದಿರಲಿಲ್ಲ. ತಮಾಷೆ ಹೊಳೆಯಲಿಲ್ಲ. ನನಗೆ ತಮಾಷೆ ಹೊಳೆಯದ ಸಂದರ್ಭಗಳು ತೀರ ಕಡಿಮೆ.

ಆಮೇಲಿನ ದಿನಗಳಲ್ಲಿ ಅವನು ಆ್ಯಪಿನ ಚರ್ಚಾಕಟ್ಟೆಯಲ್ಲಿ ತನ್ನ ಹಾಗೇ ಕಳೆದುಕೊಂಡವರ ಮಾತುಗಳನ್ನು ಓದಿ ಓದಿ ನಡೆದದ್ದನ್ನು ಕೂಡಿಸಿದ. ನಾನು ಪಕ್ಕದಲ್ಲಿ ಕೂತು ಪ್ರತಿ ಸಾಲಿಗೂ ಸಿಟ್ಟಾಗುವ ಕೆಲಸ ವಹಿಸಿಕೊಂಡೆ.

ಒಳ್ಳೆಯ ಒರಾಕಲ್ಲುಗಳೂ ಇವೆಯಂತೆ. ಅವು ಒಬ್ಬನ ಮಾತು ಕೇಳುವುದಿಲ್ಲ. ಬೇರೆಬೇರೆ ಪೇಟೆಗಳ ಬೆಲೆಯನ್ನು ಬೇರೆಬೇರೆಯವರಿಂದ ತರಿಸಿ, ತೀರ ಮೇಲಿನದ್ದನ್ನೂ ತೀರ ಕೆಳಗಿನದ್ದನ್ನೂ ಬಿಟ್ಟು ನಡುವಿನ ಅಂಕಿ ಹಿಡಿಯುತ್ತವೆ. ಕೆಲವು ಕಡೆ ಬೆಲೆ ತರುವವರು ಠೇವಣಿ ಇಟ್ಟಿರಬೇಕು, ಸುಳ್ಳು ಹೇಳಿದರೆ ಠೇವಣಿ ಹೋಯಿತು. ಇನ್ನು ಕೆಲವು ಒಂದು ಗಳಿಗೆಯ ಬೆಲೆಯನ್ನು ನಂಬದೆ ಸ್ವಲ್ಪ ಹೊತ್ತಿನ ಸರಾಸರಿ ನೋಡುತ್ತವೆ, ಯಾರಾದರೂ ಕ್ಷಣದಲ್ಲಿ ಅಲುಗಾಡಿಸಿದರೂ ಸರಾಸರಿ ಅಷ್ಟು ಅಲುಗದು. ಇದೆಲ್ಲ ತಿಳಿದ ವಿದ್ಯೆ, ಹೊಸದೇನಲ್ಲ. ಆದರೆ ಗೆಳೆಯನ ಟೋಕನ್ನು ಸಣ್ಣದು, ದೊಡ್ಡ ಪೇಟೆಗಳಲ್ಲಿ ಅದನ್ನು ಕೇಳುವವರಿರಲಿಲ್ಲ. ಆ್ಯಪಿನವರು ಸುಲಭದ ದಾರಿ ಹಿಡಿದಿದ್ದರು. ಆ ಟೋಕನ್ನು ಮಾರಾಟವಾಗುತ್ತಿದ್ದ ಒಂದೇ ಒಂದು ಕೊಳವನ್ನು, ಅದರಲ್ಲಿ ಆ ಗಳಿಗೆಗೆ ಕಾಣುವ ಬೆಲೆಯನ್ನು ಓದಿ ಹೇಳು ಎಂದು ಒರಾಕಲ್ಲಿಗೆ ಬಿಟ್ಟಿದ್ದರು.

ಕೊಳ ಎಂದರೆ ನೀರಿನದ್ದಲ್ಲ. ಒಂದು ಕಡೆ ಟೋಕನ್ನಿನ ಗುಡ್ಡೆ, ಇನ್ನೊಂದು ಕಡೆ ಡಾಲರ್ ನಾಣ್ಯದ ಗುಡ್ಡೆ. ಟೋಕನ್ ಸುರಿದವರು ಡಾಲರ್ ಎತ್ತಿಕೊಳ್ಳಬಹುದು. ಟೋಕನ್ನಿನ ಗುಡ್ಡೆ ಬೆಳೆದಷ್ಟೂ ಅದರ ಬೆಲೆ ತಾನಾಗಿ ಇಳಿಯುತ್ತದೆ. ಕೂಗುವವರಿಲ್ಲ, ಕುದುರಿಸುವವರಿಲ್ಲ. ಗುಡ್ಡೆಗಳೇ ಬೆಲೆ.

ಯಾರೋ ಒಬ್ಬ, ಯಾರೆಂದು ಇವತ್ತಿಗೂ ಗೊತ್ತಿಲ್ಲ, ರಾಶಿ ಟೋಕನ್ನನ್ನು ಒಂದೇ ಉಸಿರಿನ ಸಾಲವಾಗಿ ಎತ್ತಿದ. ಅಂಥ ಸಾಲವೂ ಅಲ್ಲಿ ಸಿಗುತ್ತದೆ. ಅಡವು ಬೇಡ, ಆದರೆ ಎತ್ತಿದ ವ್ಯವಹಾರದೊಳಗೇ, ಕಣ್ಣು ಮಿಟುಕಿಸುವುದರೊಳಗೆ, ವಾಪಸ್ಸು ಇಡಬೇಕು. ಎತ್ತಿದ್ದನ್ನು ಕೊಳಕ್ಕೆ ಸುರಿದ. ಬೆಲೆ ಪಾತಾಳಕ್ಕೆ ಇಳಿಯಿತು. ಒರಾಕಲ್ ಅದನ್ನೇ ಓದಿ ಒಳಗಿನವನಿಗೆ ಕೂಗಿತು. ಒಳಗಿನವನು ಅಡವುಗಳನ್ನು ಜಪ್ತಿಗಿಟ್ಟ. ಟೋಕನ್ ಸುರಿದವನೇ ಕೊಳದಿಂದ ಸಿಕ್ಕ ಡಾಲರಿನಲ್ಲಿ ಜನರ ಸಾಲ ಕಟ್ಟಿ, ಅಡವುಗಳನ್ನು ಆ ಪಾತಾಳದ ಬೆಲೆಗೆ ಬಾಚಿಕೊಂಡ. ಆಮೇಲೆ ಮಿಕ್ಕ ಡಾಲರಿನಲ್ಲಿ ಸುರಿದದ್ದನ್ನು ಕೊಳದಿಂದ ವಾಪಸ್ಸು ಕೊಂಡು, ಕಮ್ಮಿ ಬಿದ್ದದ್ದನ್ನು ಬಾಚಿದ್ದರಿಂದ ತುಂಬಿ, ಎತ್ತಿದ ಸಾಲ ತೀರಿಸಿ, ಮಿಕ್ಕಿದ್ದನ್ನು ತೆಗೆದುಕೊಂಡು ನಡೆದ. ಬೆಲೆ ಹೆಚ್ಚುಕಡಿಮೆ ಮೊದಲಿದ್ದಲ್ಲಿಗೇ ಬಂದು ಕೂತಿತು, ಏನೂ ಗೊತ್ತಿಲ್ಲದ ಮಗುವಿನ ಹಾಗೆ. ನಾನು ಪುರವರದಲ್ಲಿ ಒಂದು ಕೆಮ್ಮು ಕೆಮ್ಮುವುದರೊಳಗೆ ಇದೆಲ್ಲ ನಡೆದು ಮುಗಿದಿತ್ತು.

ಒಂದು ಮಾತು ಉಳಿದಿತ್ತು. ಅದನ್ನು ಗೆಳೆಯ ನನಗೂ ಹೇಳಿರಲಿಲ್ಲ. ಹೇಳಿದ್ದು ಸಂತೆಯಲ್ಲಿ, ಅಪ್ಪನ ಎದುರು.

ಮಾವನಿಗೆ ಕೋಣೆಯ ವಿಷಯ ಗೊತ್ತಿತ್ತು, ಜಪ್ತಿಯ ವಿಷಯ ಗೊತ್ತಿರಲಿಲ್ಲ. ಆವತ್ತು ವ್ಯಾಪಾರ ಮುಗಿದು ಅವರು ಬೇವಿನ ಮರದ ಕೆಳಗೆ ಬೋಂಡ ತಿನ್ನುತ್ತಿದ್ದರು. ಗೆಳೆಯ ಹೇಳಿದ, ನಾನು ಅದನ್ನು ಕುರಿಯ ಭಾಷೆಗೆ ತಿರುಗಿಸಿದೆ. ಅವರು ಬಯ್ಯುತ್ತಾರೆ ಎಂದು ನಾವಿಬ್ಬರೂ ಒಂದೊಂದು ಹೆಜ್ಜೆ ದೂರದಲ್ಲೇ ನಿಂತಿದ್ದೆವು. ಅವರು ಬಯ್ಯಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿ, ಅವರ ಮನೆಯ ಅರೆತೆಲುಗಿನಲ್ಲಿ ಒಂದೊಂದೇ ಪ್ರಶ್ನೆ ಕೇಳಿದರು.

“ಏಮ್ರಾ, ಆ ಬೆಲೆಗೆ ಕೊಂಡೋನ್ಯಾರು?”

“ಯಾರೂ ಕೊಂಡಿಲ್ಲ ನಾಯ್ನಾ. ಅವನೇ ಸುರಿದ, ಅವನೇ ತೆಗೆದ.”

“ಸುಳ್ಳು ಬೋಣಿ. ಸರೇ. ಸುರಿಯೋಕೆ ಅಷ್ಟೊಂದು ಕುರಿ ಅವನಿಗೆಲ್ಲಿಂದ ಬಂದ್ವು?”

ಗೆಳೆಯ ನೆಲ ನೋಡಿದ. ಚಪ್ಪಲಿಯ ತುದಿಯಿಂದ ಒಂದು ಹಿಕ್ಕೆ ಉರುಳಿಸಿದ.

“ನಮ್ಮವೇ. ನಾವು ಅಡ ಇಟ್ಟಿದ್ದನ್ನೇ ಆ್ಯಪ್ನೋರು ಅವನಿಗೆ ಒಂದ್ ಗಳಿಗೆ ಸಾಲ ಕೊಟ್ಟಿದ್ರು.”

ಮಾವ ಬೋಂಡದ ಕಾಗದವನ್ನು ಮಡಿಸಿ, ಮತ್ತೆ ಮಡಿಸಿ ಕೆಳಗಿಟ್ಟರು. ಸುತ್ತ ಇಬ್ಬರು ಮೂವರು ದಲ್ಲಾಳಿಗಳು ಕಿವಿ ಚಾಚಿದ್ದರು. ಇವರೆಲ್ಲ ಕುರಿಗೆ ನೀರು ಕುಡಿಸಿ ತೂಕ ಏರಿಸುವವರು, ಮುದಿ ಟಗರಿನ ಹಲ್ಲು ತೋರಿಸುವಾಗ ಬೆರಳು ಅಡ್ಡ ಇಡುವವರು. ಅವರ ಮುಖವೂ ಕೆಂಪಾಯಿತು.

“ನನ್ ಕುರಿನೇ ಹೊಡ್ಕೊಂಡೋಗಿ,” ಎಂದರು ಮಾವ, ನಿಧಾನವಾಗಿ, “ಸಂತೇಲಿ ಚಿಲ್ರೆಗೆ ಮಾರ್ದಂಗೆ ಆಟ ಆಡಿ, ನೋಡಪ್ಪಾ ನಿನ್ ಕುರಿ ಬೆಲೆ ಬಿದ್ದೋಯ್ತು ಅಂತ ನನ್ ಕುರಿನೇ ಜಪ್ತಿ ಮಾಡಿದ್ರಾ?”

“ಹೂಂ ನಾಯ್ನಾ.”

“ನಾನು ಮಾಡಿದ್ದೂ ತಪ್ಪೇ ಕಣ್ರಾ. ಆದ್ರೆ ನಾನು ನನ್ ಕುರಿಲೇ ಮಾಡ್ದೆ.”

ನಾನು ಅವರ ದನಿಯನ್ನು ಎಷ್ಟೋ ವೇದಿಕೆಗಳ ಮೇಲೆ ಆಡಿದ್ದೇನೆ. ಆವತ್ತಿನ ಆ ದನಿಯನ್ನು ಮಾತ್ರ ಆಡಿಲ್ಲ.

ಯುಗಾದಿಗೆ ಇನ್ನೂ ಸಮಯವಿತ್ತು. ಒಂದು ದಾರಿಯೂ ಉಳಿದಿತ್ತು. ಕಳೆದುಕೊಂಡವರಿಗೆ ವಾಪಸ್ಸು ಕೊಡಬೇಕೇ ಎಂದು ಆ್ಯಪಿನವರು ಮತಕ್ಕೆ ಹಾಕುವವರಿದ್ದರು. ಅದಕ್ಕೆ ಮುಂಚೆ ಎಲ್ಲರೂ ಸೇರುವ ಒಂದು ಕರೆ, ಫೋನಿನಲ್ಲೇ ಸಭೆ. ಇಂಗ್ಲಿಷಿನಲ್ಲಿ ಮಾತಾಡಬೇಕು. ಗೆಳೆಯನಿಗೆ ಇಂಗ್ಲಿಷು ಬರೆಯಲು ಬರುತ್ತದೆ, ಆಡಲು ಬಾರದು. ನನಗೆ ಆಡಲು ಬರುತ್ತದೆ, ಅರ್ಥ ಬಾರದು. ನಾನು ವಿಮಾನ ಹತ್ತಿದವನಲ್ಲ, ಆದರೆ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಗಮನಕ್ಕೆ ಎನ್ನುವ ಹೆಂಗಸಿನ ದನಿ ನನಗೆ ಮೊಬೈಲಿನ ಕೃಪೆಯಿಂದ ಹಂಡ್ರೆಡ್ ಪರ್ಸೆಂಟ್ ಬರುತ್ತದೆ. ಅವನು ಬರೆದುಕೊಡುವುದು, ನಾನು ಆ ದನಿಯಲ್ಲಿ ಓದುವುದು ಎಂದಾಯಿತು. ನಮಗೆ ಸಂಜೆ, ಅವರಿಗೆ ಬೆಳಗಿನ ಕಾಫಿ. ಆ ಖಾಲಿ ಕೋಣೆಯಲ್ಲೇ, ನೆಲದ ಮೇಲೆ ದಿನಪತ್ರಿಕೆ ಹಾಸಿ ಕೂತೆವು. ಕೆಳಗಿನ ಬೇಕರಿಯಿಂದ ಬ್ರೆಡ್ಡಿನ ಬಿಸಿ ವಾಸನೆ ಬರುತ್ತಿತ್ತು.

ಸಭೆ ನಡೆಸುತ್ತಿದ್ದವನು ಬಹಳ ಮೃದುವಾಗಿ ಮಾತಾಡುತ್ತಿದ್ದ. ಪ್ರತಿಯೊಬ್ಬರ ಮಾತು ಮುಗಿದ ಕೂಡಲೇ, ನಿಮ್ಮ ಬೇಸರ ನಮಗೆ ಕೇಳಿಸುತ್ತಿದೆ ಎನ್ನುತ್ತಿದ್ದ. ಕಿವಿ ಇದೆ ಎಂಬುದಕ್ಕೆ ಪುರಾವೆ ಕೊಡುವವನ ಹಾಗೆ. ನಮ್ಮ ಸರದಿ ಬಂತು. ನಾನು ವಿಮಾನದ ದನಿಯಲ್ಲಿ ಮಾವನ ಪ್ರಶ್ನೆಯನ್ನು ಕೇಳಿದೆ. ಆ ಬೆಲೆಗೆ ನಿಜವಾಗಿ ಕೊಂಡವರು ಯಾರು?

ಬೆಲೆಯನ್ನು ನಾವು ಹೇಳುವುದಿಲ್ಲ, ಒರಾಕಲ್ ಹೇಳುತ್ತದೆ ಎಂದ.

ಒರಾಕಲ್ಲಿಗೆ ಹೇಳಿದವರು ಯಾರು?

ಅದು ಕೊಳದಲ್ಲಿದ್ದದ್ದನ್ನು ಓದಿತು.

ಕೊಳ ಯಾರದ್ದು?

ಕೊಳ ಯಾರದ್ದೂ ಅಲ್ಲ, ಎಲ್ಲರದ್ದು.

ಹಾಗಾದರೆ ತಪ್ಪು ಯಾರದ್ದು ಎಂದು ಗೆಳೆಯ ಬರೆದುಕೊಟ್ಟದ್ದನ್ನು ಓದಿದೆ. ಸಭೆ ನಡೆಸುವವನು ಇನ್ನೂ ಮೃದುವಾದ. ಕೋಡು ತಾನು ಮಾಡಬೇಕಾದ್ದನ್ನೇ ಮಾಡಿದೆ, ಸಾಲ ಪಡೆದವರು ತಮ್ಮ ಅಡವಿನ ಮೇಲೆ ಕಣ್ಣಿಟ್ಟಿರಬೇಕು ಎಂದ. ಕಣ್ಣು ಮಿಟುಕಿಸುವುದರೊಳಗೆ ನಡೆದದ್ದರ ಮೇಲೆ ಕಣ್ಣಿಡುವುದು ಹೇಗೆಂದು ಕೇಳುವಷ್ಟರಲ್ಲಿ ನಮ್ಮ ಸಮಯ ಮುಗಿಯಿತು. ಆಮೇಲೆ, ನಿಮ್ಮ ದನಿ ಬಹಳ ವೃತ್ತಿಪರವಾಗಿದೆ ಎಂದು ಹೊಗಳಿದ. ನನ್ನ ಜೀವನದಲ್ಲಿ ಒಬ್ಬ ವಿದೇಶಿ ನನ್ನ ಕಲೆಯನ್ನು ಮೆಚ್ಚಿದ್ದು ಅದೊಂದೇ ಸಲ, ಅದೂ ಇಂಥ ಹೊತ್ತಿನಲ್ಲಿ. ಮೊಬೈಲನ್ನು ಕಿಟಕಿಯಿಂದ ಬೆಟ್ಟಕ್ಕೆ ಎಸೆಯೋಣ ಎನಿಸಿತು. ಮೊಬೈಲು ನನ್ನದೇ ಆದ್ದರಿಂದ ಎಸೆಯಲಿಲ್ಲ.

ಮತ ಬಿತ್ತು. ಅಲ್ಲಿ ತಲೆಗೊಂದು ಮತವಲ್ಲ, ಆ್ಯಪಿನ ನಾಣ್ಯ ಯಾರ ಹತ್ತಿರ ಎಷ್ಟಿದೆಯೋ ಅಷ್ಟು ಮತ. ಗೆಳೆಯನ ಹತ್ತಿರ ಸಾಲ ತೆಗೆದದ್ದಕ್ಕೆ ಬಹುಮಾನವಾಗಿ ಬಂದ ಚಿಟಿಕೆಯಷ್ಟಿತ್ತು. ಅದನ್ನು ಅವನು ಶ್ರದ್ಧೆಯಿಂದ ಹಾಕಿದ. ದೊಡ್ಡ ಗಂಟು ಇದ್ದ ಕೆಲವರು ಬೇಡವೆಂದರು, ಬೇಡವಾಯಿತು. ಬಾಚಿಕೊಂಡು ಹೋದವನಿಗೂ ಅಲ್ಲಿ ಮತವಿದ್ದಿರಬಹುದು. ಇಲ್ಲವೆನ್ನಲು ಯಾರ ಬಳಿಯೂ ಆಧಾರವಿಲ್ಲ.

ಮೈ ಉರಿದದ್ದು ಅದಕ್ಕಲ್ಲ. ಸೋಲು ಸೋಲೇ. ಅದಾದ ಕೆಲವು ದಿನಕ್ಕೆ ಆ್ಯಪಿನಿಂದ ಒಂದು ಪ್ರಕಟಣೆ ಬಂತು, ಮೇಲೆ ರಾಕೆಟ್ಟಿನ ಚಿತ್ರ. ಇನ್ನು ಮುಂದೆ ಬೆಲೆಯನ್ನು ಹಲವು ಕಡೆಯಿಂದ ತರುತ್ತೇವೆ, ಸ್ವಲ್ಪ ಹೊತ್ತಿನ ಸರಾಸರಿ ನೋಡುತ್ತೇವೆ, ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ. ಅಂದರೆ ಹಳೆಯ ಒರಾಕಲ್ ಸರಿಯಿರಲಿಲ್ಲ ಎಂದು ಅವರಿಗೂ ಗೊತ್ತು. ಗೋಡೆಯ ತೂತು ಮುಚ್ಚಿದರು, ತೂತಿನಿಂದ ಹೋದದ್ದನ್ನು ಕೇಳಬೇಡಿ ಎಂದರು. ನಮ್ಮ ಗೆಳೆಯ ಕೊಟ್ಟದ್ದು ಸಲಹೆಯಂತೆ. ನಾನು ಅದನ್ನು ಓದಿ ಆಡಿದ ಮಾತುಗಳು ಇಲ್ಲಿ ಬೇಡ. ಶಿರಾದಲ್ಲಿ ಕನ್ನಡಕ್ಕೆ ಉರ್ದು ಬೆರೆಸಿ ಬೈಯುವ ಒಂದು ಸೊಗಸಿದೆ, ಅಷ್ಟು ತಿಳಿದರೆ ಸಾಕು.

ಮೈಕು, ಕಂಪ್ಯೂಟರಿಗೆ ದುಡ್ಡಿಲ್ಲದ ಮೇಲೆ, ಯುಗಾದಿಗೆ ಮುಂಚೆ ಕೀಲಿ ವಾಪಸ್ಸು ಕೊಡಲು ಹೋದೆವು. ಮಾವನೂ ಬಂದರು. ಸಂತೆಯಿಂದ ನೇರ ಬಂದದ್ದರಿಂದ ಕುರಿಯ ವಾಸನೆ ಬೇಕರಿಯ ವಾಸನೆಯೊಂದಿಗೆ ಜಗಳಕ್ಕೆ ನಿಂತಿತು. ಮಾಲೀಕ ಮೇಷ್ಟ್ರು ಮುಂಗಡದಲ್ಲಿ ಇಷ್ಟು ತಿಂಗಳ ಬಾಡಿಗೆ ಮುರಿದುಕೊಳ್ಳುವುದಾಗಿ ಹೇಳಿದರು. ಮಾವ ಏನೂ ಅನ್ನದೆ ಹೆಗಲ ಟವೆಲ್ಲು ತೆಗೆದು ಅವರ ಕೈ ಮೇಲೆ ಹೊದಿಸಿ, ಕೆಳಗೆ ಬೆರಳು ಹಿಡಿದರು. ಮೇಷ್ಟ್ರು ಗಾಬರಿಯಾಗಿ ನನ್ನ ಮುಖ ನೋಡಿದರು. ಅದು ನಾಡಿ ನೋಡುವುದಲ್ಲ ಸಾರ್, ಬಾಡಿಗೆ ಮಾತು ಎಂದೆ. ಯಾವ ಬೆರಳಿಗೆ ಎಷ್ಟು ಎಂದು ಮಾವ ಕಲಿಸಿದರು. ಸ್ವಲ್ಪ ಹೊತ್ತಿನಲ್ಲಿ ಮೇಷ್ಟ್ರೂ ಆಕಾಶ ನೋಡುತ್ತಾ ಒತ್ತತೊಡಗಿದರು. ಕೊನೆಗೆ ನಕ್ಕು ಕೈ ಬಿಡಿಸಿಕೊಂಡು, ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ ಹುಡುಗ, ಪೂರ್ತಿ ತಗೊಳ್ಳಿ ಎಂದರು. ಒಂದು ಟವೆಲ್ಲು, ಎರಡು ಕೈ. ನನಗೆ ಮತ್ತೆ ಸಿಟ್ಟು ಬಂತು, ಇಲ್ಲಿದ್ದವರ ಮೇಲಲ್ಲ, ಆ ಫೋನಿನ ಸಭೆಯವರ ಮೇಲೆ.

ಗೆಳೆಯ ಕೋಣೆಯ ನಡುವೆ ಹೋಗಿ ನಿಂತ. ಚಪ್ಪಾಳೆ ತಟ್ಟುತ್ತಾನೆ ಎಂದುಕೊಂಡೆ, ತಟ್ಟಲಿಲ್ಲ. ಕಿಟಕಿ ಮುಚ್ಚಿ ಕೀಲಿ ಕೊಟ್ಟ.

ಮೆಟ್ಟಿಲಿಳಿಯುವಾಗ ಮಾವ ನನ್ನ ಬೆನ್ನಿಗೆ ಒಂದು ಗುದ್ದಿದರು. “ಏನ್ಲಾ ಕೋತಿ, ಊರೋರ್ನೆಲ್ಲ ಆಡ್ತೀಯ, ಅವನ್ನೊಂದ್ ಸಲ ಆಡು ನೋಡಾನ.”

“ಅವನಿಗೆ ದನಿ ಇಲ್ಲ ಮಾವ.”

“ಮುಖ ಆದ್ರೂ ಕೊಡ್ಲಾ. ಹಿಡ್ಕೊಳೋಕೆ ಏನಾದ್ರೂ ಬೇಡ್ವಾ.”

ಈಗ ಆ ಕೋಣೆಯಲ್ಲಿ ಮೊಬೈಲಿಗೆ ಗಾಜು ಅಂಟಿಸುತ್ತಾರೆ. ಗೆಳೆಯ ವಾಪಸ್ಸು ಬಂದ ಮುಂಗಡದಲ್ಲಿ ಒಂದು ಮೈಕು ಕೊಂಡು, ಪಾವಗಡದ ಮನೆಯಲ್ಲಿ ಕಂಬಳಿ ಹೊದ್ದುಕೊಂಡು ರೆಕಾರ್ಡು ಮಾಡುತ್ತಾನೆ. ಭಜನೆಯ ನಡುವೆ ಒಮ್ಮೊಮ್ಮೆ ಕುರಿ ಅರಚುತ್ತದೆ. ತುಮಕೂರಿಗೆ ಹೋಗುವವರು ಹೋಗುತ್ತಲೇ ಇದ್ದಾರೆ.

ಮಾವನ ಮಾತಿಗೆ ನಾನು ಒಂದು ಆಟ ಕಟ್ಟಿದೆ. ತಲೆಗೆ ಬಿಳಿಯ ದಿಂಬಿನ ಚೀಲ ಹಾಕಿಕೊಂಡು ವೇದಿಕೆಯ ನಡುವೆ ನಿಲ್ಲುತ್ತೇನೆ. ಜನ ಏನು ಕೇಳಿದರೂ ವಿಮಾನದ ಹೆಂಗಸಿನ ದನಿಯಲ್ಲಿ ಒಂದು ಬೆಲೆ ಹೇಳುತ್ತೇನೆ. ಮದುಮಗನ ಉಂಗುರಕ್ಕೆ ಇಷ್ಟು, ಅಡುಗೆಯವರ ಕೈಗುಣಕ್ಕೆ ಇಷ್ಟು, ನನ್ನ ಮಿಮಿಕ್ರಿಗೆ ಏನೂ ಇಲ್ಲ. ಪ್ರತಿ ಬೆಲೆಗೂ ಗೆಳೆಯ ಆ ಹಳೆಯ ಡೊಂಯ್ ನುಡಿಸುತ್ತಾನೆ. ಯಾರು ಹೇಳಿದ್ದು ಎಂದು ಯಾರಾದರೂ ಕೇಳಿದರೆ, ನಿಮ್ಮ ಬೇಸರ ನಮಗೆ ಕೇಳಿಸುತ್ತಿದೆ ಎನ್ನುತ್ತೇನೆ. ಕೊರಟಗೆರೆಯಲ್ಲಿ ನಕ್ಕರು, ಮದಲೂರಿನಲ್ಲಿ ನಕ್ಕರು. ಚೀಲದೊಳಗೆ ನಾನು ಯಾಕೆ ಸಿಟ್ಟಾಗಿದ್ದೇನೆಂದು ಅಲ್ಲಿ ಗೆಳೆಯನೊಬ್ಬನಿಗೇ ಗೊತ್ತಿತ್ತು.

ಮೊನ್ನೆ ಶಿರಾದಲ್ಲಿ, ಕುರಿ ದಲ್ಲಾಳಿಯೊಬ್ಬರ ಮಗಳ ಆರತಕ್ಷತೆಯಲ್ಲಿ ಅದೇ ಆಟ ಆಡಿದೆ. ಮುಂದಿನ ಸಾಲಿನಲ್ಲಿ ಸಂತೆಯವರೇ ಕೂತಿದ್ದರು. ಚೀಲದೊಳಗಿಂದ ನನಗೇನೂ ಕಾಣುತ್ತಿರಲಿಲ್ಲ. ಒಬ್ಬರು ನಿನ್ನ ಬೋಣಿ ಎಷ್ಟು ಎಂದು ಕೂಗಿದರು. ನಾನು ಒಂದು ಚಿಲ್ಲರೆ ಬೆಲೆ ಹೇಳಿದೆ. ಡೊಂಯ್ ಬರಲಿಲ್ಲ. ಬದಲಿಗೆ ವೇದಿಕೆಯ ಹಲಗೆ ಕಿರುಗುಟ್ಟಿತು, ಕುರಿಯ ವಾಸನೆ ಹತ್ತಿರ ಬಂತು, ಯಾರದ್ದೋ ಗಟ್ಟಿ ಕೈ ನನ್ನ ಕೊರಳಪಟ್ಟಿ ಹಿಡಿಯಿತು. ಅಂಗಿಯ ಮೇಲಿನ ಗುಂಡಿ ಕಿತ್ತು ಎಲ್ಲೋ ಉರುಳಿತು.

“ಸುಳ್ಳು ಬೋಣಿ,” ಎಂದರು ಮಾವ, ಇಡೀ ಮಂಟಪಕ್ಕೆ ಕೇಳುವಂತೆ. “ನಡೆಯಾಕಿಲ್ಲ. ಎಲ್ರಿಗೂ ಬೋಂಡ ಕೊಡ್ಸು.”

ಹಿಂದಿನಿಂದ ಗೆಳೆಯ ನಗುವುದು ಕೇಳಿಸಿತು. ಚಪ್ಪಾಳೆ ತಟ್ಟಿದ ದಿನದ ನಂತರ ಅವನು ಹಾಗೆ ನಕ್ಕದ್ದು ಕೇಳಿದ್ದು ಅದೇ ಮೊದಲು. ಮಾವ ಹಿಡಿತ ಸಡಿಲಿಸಲಿಲ್ಲ. ನಾನೂ ಬಿಡಿಸಿಕೊಳ್ಳಲು ಹೋಗಲಿಲ್ಲ.

ಬೋಂಡ ಕೊಡಿಸಿದೆ. ಅಂಗಿಗೆ ಆ ಗುಂಡಿಯನ್ನು ಇನ್ನೂ ಹೊಲಿಸಿಲ್ಲ.